ಪದ ಪರಿಚಯ: ಕ್ರಾನಿಕ್ ಲ್ಯುಕೇಮಿಯಾದ ಜೀನ್ ವಿಂಗಡಣೆ

ಲ್ಯಾಬ್ ರಿಪೋರ್ಟಿನಲ್ಲಿ ‘ಬಿಸಿಆರ್-ಎಬಿಎಲ್1 ಪಾಸಿಟಿವ್’ ಅಂತಲೋ ‘17ಪಿ ಡಿಲೀಷನ್’ ಅಂತಲೋ ಬರೆದಿದ್ದರೆ ಮನೆಯವರಿಗೆಲ್ಲ ಗಾಬರಿ ಆಗುತ್ತದೆ. ಇದೇನು ಇನ್ನೊಂದು ಕಾಯಿಲೆಯಾ? ಅಲ್ಲ. ಈಗಿರುವ ರಕ್ತದ ಕ್ಯಾನ್ಸರ್ ಯಾವ ಬಗೆಯದು ಅಂತ ಜೀನ್ ನೋಡಿ ಹೇಳಿರುವ ಮಾತು ಅದು.

ಲ್ಯುಕೇಮಿಯಾ ಅಂದರೆ ರಕ್ತಕಣಗಳ, ಅದರಲ್ಲೂ ಹೆಚ್ಚಾಗಿ ಬಿಳಿ ಕಣಗಳ ಕ್ಯಾನ್ಸರ್. ನಿಧಾನಕ್ಕೆ ಬೆಳೆಯುವುದು ಕ್ರಾನಿಕ್. ಮೈಲಾಯ್ಡ್ ಕಣಗಳಲ್ಲಿ ಹುಟ್ಟಿದರೆ ಸಿಎಂಎಲ್, ಲಿಂಫೋಸೈಟ್ ಕಣಗಳಲ್ಲಿ ಹುಟ್ಟಿದರೆ ಸಿಎಲ್‌ಎಲ್. ಮೈಕ್ರೋಸ್ಕೋಪಿನಲ್ಲಿ ಇಷ್ಟನ್ನು ಗುರುತಿಸಬಹುದು. ಆದರೆ ನೋಡಲು ಒಂದೇ ಥರ ಇರುವ ಕಾಯಿಲೆಗಳೆಲ್ಲ ಒಂದೇ ಔಷಧಿಗೆ ಬಗ್ಗುವುದಿಲ್ಲ. ಅದಕ್ಕೇ ಜೀನ್ ನೋಡಬೇಕಾಗುತ್ತದೆ.

ಸಿಎಂಎಲ್ ಕತೆ ಶುರುವಾಗಿದ್ದು 1960ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಈ ರೋಗಿಗಳ ಕಣಗಳಲ್ಲಿ ಒಂದು ಕ್ರೋಮೋಸೋಮ್ (ಜೀನುಗಳನ್ನು ಹೊತ್ತ ಎಳೆ) ತೀರಾ ಗಿಡ್ಡವಾಗಿರುವುದನ್ನು ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಕಂಡರು. ಊರಿನ ಹೆಸರೇ ಅದಕ್ಕೆ ಬಂತು: ಫಿಲಡೆಲ್ಫಿಯಾ ಕ್ರೋಮೋಸೋಮ್. ಅದು ಗಿಡ್ಡವಾಗಿದ್ದು ಯಾಕೆ ಅಂತ 1973ರಲ್ಲಿ ತೋರಿಸಿದವರು ಜಾನೆಟ್ ರೌಲಿ. 9ನೇ ಮತ್ತು 22ನೇ ಕ್ರೋಮೋಸೋಮುಗಳು ತುದಿಯ ತುಂಡುಗಳನ್ನು ಅದಲುಬದಲು ಮಾಡಿಕೊಂಡಿದ್ದವು. ಆಗ 9ರಲ್ಲಿದ್ದ ಎಬಿಎಲ್1 ಜೀನ್ ಹೋಗಿ 22ರಲ್ಲಿರುವ ಬಿಸಿಆರ್‌ಗೆ ಅಂಟಿಕೊಳ್ಳುತ್ತದೆ. ಈ ಜೋಡಿ ಜೀನ್ ತಯಾರಿಸುವ ಪ್ರೋಟೀನು ‘ಬೆಳೆ, ಬೆಳೆ’ ಅಂತ ಕಣಕ್ಕೆ ಬಿಡದೆ ಹೇಳುತ್ತಲೇ ಇರುತ್ತದೆ. ಅದನ್ನು ತಡೆಯುವ ಮಾತ್ರೆ ಇಮ್ಯಾಟಿನಿಬ್‌ಗೆ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕಾಯಿಲೆಯ ಬೇರು ಗೊತ್ತಾಗಿ, ಆ ಬೇರಿಗೇ ಔಷಧಿ ಸಿಕ್ಕಿದ್ದು ದೊಡ್ಡ ಮಾತು. ಲಕ್ಷಣ ಎಷ್ಟೇ ಹೋಲಲಿ, ಈ ಜೋಡಿ ಜೀನ್ ಇಲ್ಲದಿದ್ದರೆ ಅದನ್ನು ಈಗ ಸಿಎಂಎಲ್ ಅಂತ ಕರೆಯುವುದೇ ಇಲ್ಲ.

ಇದನ್ನು ಕಣ್ಣಾರೆ ನೋಡುವ ಒಂದು ಪರೀಕ್ಷೆ ಫಿಶ್. ಒಂದು ಜೀನಿಗೆ ಕೆಂಪು, ಇನ್ನೊಂದಕ್ಕೆ ಹಸಿರು ಹೊಳೆಯುವ ಗುರುತು ಹಚ್ಚುತ್ತಾರೆ. ಆರೋಗ್ಯವಂತ ಕಣದಲ್ಲಿ ಎರಡು ಕೆಂಪು, ಎರಡು ಹಸಿರು ಚುಕ್ಕಿ ಬೇರೆಬೇರೆಯಾಗಿ ಕಾಣುತ್ತವೆ. ಸಿಎಂಎಲ್ ಕಣದಲ್ಲಿ ಕೆಂಪು ಹಸಿರು ಒಂದಾದ ಜಾಗ ಹಳದಿಯಾಗಿ ಹೊಳೆಯುತ್ತದೆ.

ಸಿಎಲ್‌ಎಲ್‌ನಲ್ಲಿ ಹೀಗೆ ಒಂದೇ ಗುರುತು ಇಲ್ಲ. 13ನೇ ಕ್ರೋಮೋಸೋಮಿನ ಚೂರು ಮಾತ್ರ ಕಳೆದಿದ್ದರೆ ಕಾಯಿಲೆ ಸಾಮಾನ್ಯವಾಗಿ ಮೆತ್ತಗಿರುತ್ತದೆ. ಕೆಲವರಲ್ಲಿ 12ನೇ ಕ್ರೋಮೋಸೋಮ್ ಒಂದು ಜಾಸ್ತಿ ಇರುತ್ತದೆ. 11ರ ತುಂಡು ಹೋಗಿದ್ದರೆ ಬೇಗ ಬೆಳೆಯುವ ಸಂಭವ ಹೆಚ್ಚು. ಎಲ್ಲಕ್ಕಿಂತ ಹುಷಾರಾಗಿ ನೋಡುವುದು 17ಪಿ ಡಿಲೀಷನ್ನನ್ನು, ಅಂದರೆ 17ನೇ ಕ್ರೋಮೋಸೋಮಿನ ಗಿಡ್ಡ ತೋಳಿನ ತುಂಡು ಹೋಗಿರುವುದನ್ನು. ಕೆಟ್ಟ ಕಣವನ್ನು ಸಾಯಿಸಲು ಬೇಕಾದ ಟಿಪಿ53 ಜೀನ್ ಇರುವುದು ಅಲ್ಲೇ. ಅದು ಹೋದರೆ ಹಳೆಯ ಕೀಮೋ ಅಷ್ಟಾಗಿ ನಾಟುವುದಿಲ್ಲ, ಬಿಟಿಕೆ (ಈ ಕಣಗಳನ್ನು ಬೆಳೆಸುವ ಒಂದು ಪ್ರೋಟೀನು) ತಡೆಯುವ ಮಾತ್ರೆಗಳಂಥ ಹೊಸ ಔಷಧಿ ಬೇಕು.

ಇಲ್ಲೊಂದು ಮಾತು ಜನರನ್ನು ಸುಮ್ನೆ ಹೆದರಿಸುತ್ತದೆ: ‘ಐಜಿಎಚ್‌ವಿ ಮ್ಯುಟೇಟೆಡ್’. ಐಜಿಎಚ್‌ವಿ ಅಂದರೆ ಆಂಟಿಬಾಡಿ ತಯಾರಿಸಲು ಬೇಕಾದ ಜೀನ್, ಮ್ಯುಟೇಟೆಡ್ ಅಂದರೆ ಅದು ಬದಲಾಗಿದೆ ಅಂತ. ಮ್ಯುಟೇಷನ್ ಅಂದರೆ ಕೆಟ್ಟದ್ದೇ ಅಲ್ವಾ ಅನ್ನಿಸುತ್ತದೆ. ಆದರೆ ಸಿಎಲ್‌ಎಲ್‌ನಲ್ಲಿ ಇದು ಒಳ್ಳೆಯ ಸುದ್ದಿ, ಕಾಯಿಲೆ ನಿಧಾನ ಅಂತ ಅರ್ಥ. ಇದು ಕೊನೆತನಕ ಬದಲಾಗುವುದಿಲ್ಲ, ಒಮ್ಮೆ ನೋಡಿದರೆ ಸಾಕು. 17ಪಿ ಹಾಗಲ್ಲ. ಮೊದಲು ಇಲ್ಲದಿದ್ದರೂ ವರ್ಷಗಳ ನಂತರ ಕಾಣಿಸಿಕೊಳ್ಳಬಹುದು. ಅದಕ್ಕೇ ಪ್ರತಿ ಸಲ ಹೊಸ ಚಿಕಿತ್ಸೆ ಶುರುಮಾಡುವ ಮೊದಲು ಫಿಶ್ ಮತ್ತು ಟಿಪಿ53 ಪರೀಕ್ಷೆಯನ್ನು ಮತ್ತೆ ಮಾಡಿಸುತ್ತಾರೆ.