ಡಿವೈಸ್ ನಂಬರ್: ಕರ್ನಲ್ ಡ್ರೈವರನ್ನು ಗುರುತಿಸುವುದು ಹೇಗೆ

ಧಾರವಾಡದ ನಮ್ಮ ಲ್ಯಾಬಿನಲ್ಲಿ ಈ ಸೆಮಿಸ್ಟರ್ ಒಂದು ಪ್ರಾಜೆಕ್ಟ್ ನಡೆದಿದೆ. ಬ್ಯಾಡಗಿ ಕಡೆಯ ಮೆಣಸಿನಕಾಯಿ ಹೊಲದಲ್ಲಿ ಮಣ್ಣಿನ ತೇವ ಅಳೆಯುವ ಬೋರ್ಡ್. ಅದನ್ನು ಯುಎಸ್‌ಬಿಗೆ ಚುಚ್ಚಿದ ಕೂಡಲೇ ಲಿನಕ್ಸ್‌ನಲ್ಲಿ ಸಾಧನಗಳ ಫೈಲುಗಳಿರುವ ಡೆವ್ ಫೋಲ್ಡರಿನಲ್ಲಿ ಟಿಟಿವೈಯುಎಸ್‌ಬಿ0 ಅಂತ ಫೈಲ್ ಬರುತ್ತದೆ. ಎಲ್‌ಎಸ್ ಮೈನಸ್ ಎಲ್ ಅನ್ನೋ, ಫೈಲುಗಳ ವಿವರ ತೋರಿಸುವ ಕಮಾಂಡ್ ಕೊಟ್ಟು ನೋಡಿ. ಬೇರೆ ಫೈಲುಗಳಿಗೆ ಸೈಜ್ ಇರುವ ಜಾಗದಲ್ಲಿ ಇಲ್ಲಿ 188, 0 ಅಂತ ಇರುತ್ತದೆ. ಸಾಲಿನ ಮೊದಲ ಅಕ್ಷರ ಸಿ, ಅಂದರೆ ಕ್ಯಾರೆಕ್ಟರ್ ಡಿವೈಸ್ (ಬೈಟ್‌ಗಳ ಹರಿವಾಗಿ ಓದಿ ಬರೆಯುವ ಸಾಧನ).

188 ಮೇಜರ್ ನಂಬರ್. ಯಾವ ಡ್ರೈವರ್ (ಸಾಧನವನ್ನು ನಡೆಸುವ ಪ್ರೋಗ್ರಾಂ) ಅಂತ ಅದು ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಹೇಳುತ್ತದೆ. 0 ಮೈನರ್. ಆ ಡ್ರೈವರಿನ ಕೈಕೆಳಗಿನ ಎಷ್ಟನೇ ಸಾಧನ ಅಂತ ಅದು ಹೇಳುತ್ತದೆ. ಹುಬ್ಬಳ್ಳಿಗೆ ಬಂದ ಟಪಾಲನ್ನು ಮೊದಲು ಓಣಿ ನೋಡಿ ಆಯಾ ಪೋಸ್ಟ್‌ಮನ್‌ಗೆ ಕೊಡುತ್ತಾರೆ, ಮನೆ ನಂಬರ್ ನೋಡುವುದು ಅವನ ಕೆಲಸ. ಇಲ್ಲಿಯೂ ಹಾಗೇ. ಇನ್ನೊಂದು ಬೋರ್ಡ್ ಚುಚ್ಚಿದರೆ ಅದು 188, 1. ಹಾರ್ಡ್ ಡಿಸ್ಕಿನಲ್ಲಿ ಎಸ್‌ಡಿಎ 8, 0, ಅದರ ಮೊದಲ ಪಾರ್ಟಿಷನ್ 8, 1, ಎರಡನೇ ಡಿಸ್ಕ್ ಎಸ್‌ಡಿಬಿ 8, 16. ನಡುವಿನ ನಂಬರುಗಳು ಮೊದಲ ಡಿಸ್ಕಿನ ಉಳಿದ ಪಾರ್ಟಿಷನ್‌ಗಳಿಗೆ ಮೀಸಲು.

ಫೈಲಿನ ಹೆಸರು ನಮಗಾಗಿ ಮಾತ್ರ. ಡ್ರೈವರ್ ಹುಡುಕುವಾಗ ಕರ್ನಲ್ ಹೆಸರನ್ನು ನೋಡುವುದೇ ಇಲ್ಲ. ನಂಬಿಕೆ ಬರದಿದ್ದರೆ ಹೋಮ್ ಫೋಲ್ಡರಿನಲ್ಲಿ ಡಿವೈಸ್ ಫೈಲ್ ಮಾಡುವ ಈ ಕಮಾಂಡ್ ಟೈಪ್ ಮಾಡಿ: ಸುಡೊ ಎಂಕೆನಾಡ್ ಮೈನಸ್ ಎಮ್ 666 ಕಸ ಸಿ 1 3. ಈಗ 'ಕಸ' ಅನ್ನೋ ಫೈಲಿಗೆ ಏನು ಬರೆದರೂ ಮಾಯ. ಯಾಕೆಂದರೆ 1, 3 ಅಂದರೆ ಬರೆದದ್ದನ್ನೆಲ್ಲ ನುಂಗಿಬಿಡುವ ಡೆವ್ ನಲ್. ಇದನ್ನು ಒಮ್ಮೆ ಕೈಯಾರೆ ಮಾಡಿ ನೋಡಿ, ಆಮೇಲೆ ಈ ವಿಷಯ ಮರೆಯುವುದಿಲ್ಲ. ಆದರೆ ಸಿ ಬದಲು ಬಿ ಹಾಕಿದರೆ ಕಥೆಯೇ ಬೇರೆ. ಬ್ಲಾಕ್ ಡಿವೈಸ್‌ಗಳ (ಡಿಸ್ಕಿನಂತೆ ತುಂಡು ತುಂಡಾಗಿ ಓದಿ ಬರೆಯುವ ಸಾಧನಗಳ) ಪಟ್ಟಿ ಪೂರ್ತಿ ಪ್ರತ್ಯೇಕ, ಅಲ್ಲಿ ಮೇಜರ್ 1 ಅಂದರೆ ಮೆಮೊರಿಯಲ್ಲೇ ಇರುವ ರ‍್ಯಾಮ್ ಡಿಸ್ಕ್.

ನಂಬರ್ ಕೊಡುವವರು ಯಾರು? ಹಳೆಯ, ಎಲ್ಲರಿಗೂ ಬೇಕಾದ ಡ್ರೈವರುಗಳ ನಂಬರ್ ಕರ್ನಲ್ ಡಾಕ್ಯುಮೆಂಟೇಷನ್‌ನ ಪಟ್ಟಿಯಲ್ಲೇ ಖಾಯಂ ಆಗಿದೆ. ಮೊದಲು ಮೇಜರ್‌ಗೆ 8 ಬಿಟ್, ಮೈನರ್‌ಗೆ 8 ಬಿಟ್ ಅಷ್ಟೇ ಇತ್ತು. ಜಾಗ ಸಾಲದೆ ಬಂತು. 2.6 ಕರ್ನಲ್‌ನಿಂದ ಅದು 12 ಮತ್ತು 20 ಬಿಟ್ ಆಯಿತು. ಪರೀಕ್ಷೆಗೆ ಇದು ಬೇಕಾಗುತ್ತದೆ.

ನಾವು ಬರೆಯುವ ಹೊಸ ಡ್ರೈವರಿಗೆ ಸುಮ್ನೆ ಒಂದು ನಂಬರ್ ಆರಿಸಿಕೊಳ್ಳಬಾರದು, ಬೇರೆ ಡ್ರೈವರ್ ಅದನ್ನು ಹಿಡಿದಿದ್ದರೆ ರಿಜಿಸ್ಟರ್ ಆಗುವುದಿಲ್ಲ. ಅಲಾಕ್ ಕ್ಯಾರ್‌ಡೆವ್ ರೀಜನ್ ಫಂಕ್ಷನ್ ಕರೆಯಿರಿ. ಕರ್ನಲ್ 254ರಿಂದ ಕೆಳಗೆ 234ರವರೆಗೆ ಖಾಲಿ ಮೇಜರ್ ಹುಡುಕುತ್ತದೆ. ಅಲ್ಲೂ ಸಿಗದಿದ್ದರೆ ಈಗಿನ ಕರ್ನಲ್‌ಗಳು 511ರಿಂದ 384ರವರೆಗೆ ನೋಡುತ್ತವೆ. ಸಿಕ್ಕ ನಂಬರ್, ಮೇಜರ್‌ಗಳ ಪಟ್ಟಿ ತೋರಿಸುವ ಪ್ರಾಕ್ ಡಿವೈಸಸ್ ಫೈಲಿನಲ್ಲಿ ಕಾಣುತ್ತದೆ.

ಜಾಸ್ತಿ ಜನ ತಡವರಿಸುವುದು ಇದರ ಮುಂದಿನ ಹೆಜ್ಜೆಯಲ್ಲಿ. ಮಾಡ್ಯೂಲ್ (ಕರ್ನಲ್‌ಗೆ ಸೇರಿಸುವ ನಮ್ಮ ಡ್ರೈವರ್) ಲೋಡ್ ಆಗಿದೆ, ಪ್ರಾಕ್ ಡಿವೈಸಸ್‌ನಲ್ಲಿ ಹೆಸರಿದೆ, ಡೆವ್‌ನಲ್ಲಿ ಮಾತ್ರ ಫೈಲ್ ಇಲ್ಲ! ನಂಬರ್ ಪಡೆಯುವುದು ಬೇರೆ, ಫೈಲ್ ಹುಟ್ಟುವುದು ಬೇರೆ, ಅಲ್ವಾ? ನಂಬರಿಗೆ ಡ್ರೈವರನ್ನು ಜೋಡಿಸುವ ಸಿಡೆವ್ ಆಡ್ ಫಂಕ್ಷನ್ ಆದಮೇಲೆ ಡಿವೈಸ್ ಕ್ರಿಯೇಟ್ ಫಂಕ್ಷನ್ ಕರೆದರೆ ಮಾತ್ರ, ಡೆವ್ ಫೋಲ್ಡರಿನ ಫೈಲ್ ಸಿಸ್ಟಮ್ ಆದ ಡೆವ್‌ಟಿಎಂಪಿಎಫ್‌ಎಸ್ ಫೈಲ್ ಮಾಡಿಡುತ್ತದೆ. ಅದರ ಪರ್ಮಿಷನ್ ನೋಡಿಕೊಳ್ಳುವುದು ಯೂಡೆವ್ ಅನ್ನೋ ಹಿನ್ನೆಲೆ ಪ್ರೋಗ್ರಾಂ. ಮಾಡ್ಯೂಲ್ ತೆಗೆಯುವಾಗ ಇದೆಲ್ಲವನ್ನೂ ಉಲ್ಟಾ ಕ್ರಮದಲ್ಲಿ ಬಿಚ್ಚಬೇಕು: ಮೊದಲು ಡಿವೈಸ್, ಆಮೇಲೆ ಸಿಡೆವ್, ಕೊನೆಗೆ ನಂಬರ್ ವಾಪಸ್.