ಜರ್ಮನಿ ಸಿಗದಿದ್ದರೆ ಆಂಟೆನಾ ಬಿಚ್ಚಬೇಡಿ

ತುಮಕೂರು ಸುತ್ತಮುತ್ತ ಹ್ಯಾಮ್ ಗೆಳೆಯರಿಗೆ, ಅಂದರೆ ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರಿಗೆ, ಆಂಟೆನಾ ಕಟ್ಟಿಕೊಡುವುದು ನನ್ನ ಕೆಲಸ. ಕಟ್ಟಿದ್ದನ್ನು ಕಾರಣವಿಲ್ಲದೆ ಬಿಚ್ಚಿದರೆ ಹೊಟ್ಟೆ ಉರಿಯುತ್ತದೆ.

ಮೊನ್ನೆ ಮಧುಗಿರಿಯ ಹುಡುಗನೊಬ್ಬ ಫೋನ್ ಮಾಡಿದ. ನಮ್ಮ ಮಾತನ್ನು ಹಿಡಿದು ದೂರದವರಿಗೆ ಕಳಿಸುವ ಆರ್‌ಎಸ್-44 ಅನ್ನೋ ಹ್ಯಾಮ್ ಉಪಗ್ರಹದಲ್ಲಿ ಮಾತಾಡುವವನು. "ಸಾರ್, ಆರ್‌ಎಸ್-44ರಲ್ಲಿ ಫ್ರಾಂಕ್‌ಫರ್ಟ್ ಕಡೆಯವರು ಸಿಗ್ತಿದ್ರು. ಈಗ ಒಬ್ರೂ ಇಲ್ಲ. ಕೇಬಲ್ ಬದಲಾಯಿಸ್ದೆ, ಯಾಗಿ ಆಂಟೆನಾ ಇಳಿಸಿ ಮತ್ತೆ ಕಟ್ದೆ. ಸಿಗ್ನಲ್ ಜೋರು ಮಾಡೋ ಪ್ರಿಆಂಪ್ ತರಿಸ್ಲಾ?"

"ಬೀಕನ್ ಕೇಳಿಸ್ತಿದ್ಯಾ?"

"ಚೆನ್ನಾಗೇ ಕೇಳಿಸ್ತಿದೆ ಸಾರ್."

ಬೀಕನ್ ಅಂದರೆ ಉಪಗ್ರಹ ತಾನಾಗಿ ಕಳಿಸುತ್ತಲೇ ಇರುವ ಗುರುತಿನ ಸಿಗ್ನಲ್. 435.605 ಮೆಗಾಹರ್ಟ್ಸ್‌ನ ಆ ಬೀಕನ್ ಎಂದಿನಷ್ಟೇ ಜೋರಾಗಿದ್ದರೆ ಕೇಳುವ ಕಡೆ ಎಲ್ಲ ಸರಿ ಇದೆ ಅಂತಲೇ ಅರ್ಥ, ಅಲ್ವಾ? ಕೇಬಲ್ ಕೆಡುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಮೊದಲು ಇದನ್ನು ನೋಡಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ಎಲ್ಲರೂ ಉಪಗ್ರಹ ಹುಡುಕುವ ಆಪ್‌ನಲ್ಲಿ ಎಲಿವೇಶನ್, ಅಂದರೆ ಅದು ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆ ಅಂತ ನೋಡುತ್ತಾರೆ. ಉಪಗ್ರಹ ಭೂಮಿಯಿಂದ ಎಷ್ಟು ಎತ್ತರದಲ್ಲಿದೆ ಅಂತ ಯಾರೂ ನೋಡುವುದಿಲ್ಲ. ಆರ್‌ಎಸ್-44ರ ದಾರಿ ದುಂಡಗಿಲ್ಲ. ಹತ್ತಿರದ ತುದಿ, ಅಂದರೆ ಪೆರಿಜಿ, ಸುಮಾರು 1,175 ಕಿ.ಮೀ. ಎತ್ತರದಲ್ಲಿದೆ. ದೂರದ ತುದಿ ಅಪೋಜಿ ಸುಮಾರು 1,510 ಕಿ.ಮೀ. ಪೆರಿಜಿಯಲ್ಲಿದ್ದಾಗ ಅದಕ್ಕೆ ಕಾಣುವ ನೆಲದ ಅಗಲ ಸುಮಾರು 7,200 ಕಿ.ಮೀ. ಅಪೋಜಿಯಲ್ಲಿದ್ದಾಗ ಸುಮಾರು 8,000. ಮಧುಗಿರಿಯಿಂದ ಫ್ರಾಂಕ್‌ಫರ್ಟ್ ಸುಮಾರು 7,300 ಕಿ.ಮೀ. ದೂರ. ಮಾತಾಡಬೇಕಾದರೆ ಉಪಗ್ರಹ ಇಬ್ಬರಿಗೂ ಒಟ್ಟಿಗೆ ಕಾಣಬೇಕು. ಲೆಕ್ಕ ಇಲ್ಲೇ ಮುಗಿಯಿತು ನೋಡಿ. ಇಬ್ಬರಿಗೂ ನಡುವಿನ ಜಾಗ ಟೆಹ್ರಾನ್ ಹತ್ತಿರ ಬರುತ್ತದೆ. ಉಪಗ್ರಹ ಅಲ್ಲಿ ಎತ್ತರದಲ್ಲಿ ಹೋದರೆ ಕೆಲವು ನಿಮಿಷ ಇಬ್ಬರಿಗೂ ಕಾಣುತ್ತದೆ. ತಗ್ಗಿನಲ್ಲಿ ಹೋದರೆ ಅವರಿಗೆ ಮೂಡುವ ಹೊತ್ತಿಗೆ ನಮಗೆ ಮುಳುಗಿರುತ್ತದೆ. ಯಾವ ಪ್ರಿಆಂಪ್ ಹಾಕಿದರೂ ಅಷ್ಟೇ.

ಹಾಗಾದರೆ ಮೊದಲು ಹೇಗೆ ಸಿಗುತ್ತಿತ್ತು? ಆ ಎತ್ತರದ ತುದಿ ಒಂದೇ ಕಡೆ ನಿಲ್ಲುವುದಿಲ್ಲ. ನಮ್ಮ ಭೂಮಿ ತಟ್ಟೆಗೆ ಹಾಕಿದ ಮುದ್ದೆಯ ಹಾಗೆ ನಡುವಿನಲ್ಲಿ ಸ್ವಲ್ಪ ಉಬ್ಬಿದೆ. ಆ ಉಬ್ಬಿನ ಸೆಳೆತಕ್ಕೆ ಮೊಟ್ಟೆಯಾಕಾರದ ದಾರಿ ತನ್ನ ಸಮತಲದಲ್ಲೇ ಮೆಲ್ಲಗೆ ತಿರುಗುತ್ತದೆ. ಆರ್‌ಎಸ್-44ಕ್ಕೆ ಇದು ದಿನಕ್ಕೆ ಎರಡು ಡಿಗ್ರಿಗಿಂತ ಸ್ವಲ್ಪ ಜಾಸ್ತಿ. ಒಂದು ಸುತ್ತಿಗೆ ಸುಮಾರು ಐದು ತಿಂಗಳು. ಅದರಲ್ಲಿ ಅರ್ಧ ಕಾಲ ಅಪೋಜಿ ಉತ್ತರದಲ್ಲಿ, ಅರ್ಧ ಕಾಲ ದಕ್ಷಿಣದಲ್ಲಿ. ಬಾಗು, ಅಂದರೆ ಭೂಮಧ್ಯರೇಖೆಗೆ ದಾರಿ ಓರೆಯಾಗಿರುವ ಕೋನ, 63.4 ಡಿಗ್ರಿ ಇದ್ದರೆ ಈ ತಿರುಗಾಟ ನಿಲ್ಲುತ್ತದೆ. ಇದರ ಬಾಗು 82.5.

ಸೂರ್ಯ ಚಂದ್ರರ ಸೆಳೆತ ಬೇರೆ ಇದೆ. ಆರ್‌ಎಸ್-44ರಂಥ ತಗ್ಗಿನ ಉಪಗ್ರಹಗಳಿಗೆ ಅದನ್ನು ಲೆಕ್ಕಕ್ಕಿಡಬೇಕಿಲ್ಲ. 1988ರಲ್ಲಿ ಹಾರಿದ ಎಓ-13 ಅನ್ನೋ ಹ್ಯಾಮ್ ಉಪಗ್ರಹದ ಅಪೋಜಿ ಮಾತ್ರ 36,000 ಕಿ.ಮೀ. ಆಸುಪಾಸಿನಲ್ಲಿತ್ತು, ಒಮ್ಮೆ ಮೂಡಿದರೆ ಗಂಟೆಗಟ್ಟಲೆ ಮಾತಾಡಬಹುದಿತ್ತು. ಸೂರ್ಯ ಚಂದ್ರರು ಅದರ ಪೆರಿಜಿಯನ್ನೇ ಎಳೆದೆಳೆದು ಕೆಳಗಿಳಿಸಿದರು. 1996ರ ಡಿಸೆಂಬರ್‌ನಲ್ಲಿ ವಾತಾವರಣಕ್ಕೆ ಬಿದ್ದು ಸುಟ್ಟುಹೋಯಿತು. ಇದು ಹೀಗೇ ಆಗುತ್ತದೆ ಅಂತ ವರ್ಷಗಳ ಮೊದಲೇ ಲೆಕ್ಕ ಹಾಕಿ ಹೇಳಿದ್ದರು. ಅಂಥ ಉಪಗ್ರಹ ಈಗ ಇಲ್ಲವಲ್ಲ ಅಂತ ನನಗೆ ಈಗಲೂ ಬೇಜಾರಿದೆ.

ನೀವು ಮಾಡಬೇಕಾದದ್ದು ಸುಲಭ. ಹೊಸ ಟಿಎಲ್‌ಇ, ಅಂದರೆ ಉಪಗ್ರಹದ ದಾರಿಯನ್ನು ಎರಡು ಸಾಲು ಅಂಕಿಗಳಲ್ಲಿ ಹೇಳುವ ಪಟ್ಟಿ, ಇಳಿಸಿಕೊಳ್ಳಿ. ಎರಡನೇ ಸಾಲಿನ ಆರನೇ ಸಂಖ್ಯೆ (ಮೊದಲಿನ 2ನ್ನೂ ಸೇರಿಸಿ ಎಣಿಸಿ) ನೋಡಿ. ಅದು ಆರ್ಗ್ಯುಮೆಂಟ್ ಆಫ್ ಪೆರಿಜಿ, ದಾರಿಯಲ್ಲಿ ಪೆರಿಜಿ ಎಲ್ಲಿದೆ ಅಂತ ಹೇಳುವ ಕೋನ. 270ರ ಆಸುಪಾಸಿನಲ್ಲಿದ್ದರೆ ಅಪೋಜಿ ಉತ್ತರದಲ್ಲಿದೆ, ಜರ್ಮನಿಗೆ ಕೂಗಿ. 217ರ ಹತ್ತಿರ ಇದ್ದರೆ ದಕ್ಷಿಣದಿಂದ ಉತ್ತರಕ್ಕೆ ಹೋಗುವ ಪಾಸ್ (ಉಪಗ್ರಹ ಒಮ್ಮೆ ಹಾದುಹೋಗುವುದು) ಒಳ್ಳೆಯದು, 323ರ ಹತ್ತಿರ ಉತ್ತರದಿಂದ ಇಳಿಯುವ ಪಾಸ್. ಇವು ನಾನು ನಮ್ಮೂರಿಗೆ ಹಾಕಿದ ಅಂದಾಜು. ಗುಡ್ಡ, ಕಟ್ಟಡ ಅಡ್ಡ ಇದ್ದರೆ ಒಟ್ಟಿಗೆ ಕಾಣುವ ಸಮಯ ಇನ್ನೂ ಕಡಿಮೆಯಾಗುತ್ತದೆ.

90ರ ಹತ್ತಿರ ಬಂದಾಗ ಸುಮ್ನೆ ವಾಯವ್ಯಕ್ಕೆ ಕೂಗುತ್ತಾ ಕೂರಬೇಡಿ. ಆಗ ಅಪೋಜಿ ದಕ್ಷಿಣದಲ್ಲಿರುತ್ತದೆ. ಜೋಹಾನ್ಸ್‌ಬರ್ಗ್ ಸುಮಾರು 6,900 ಕಿ.ಮೀ., ಪರ್ತ್ ಅದಕ್ಕಿಂತ ಹತ್ತಿರ. ನಮಗೂ ಅವರಿಗೂ ಒಟ್ಟಿಗೆ ಕಾಣುವ ಸಮಯ ಆ ವಾರಗಳಲ್ಲಿ ಜಾಸ್ತಿ ಸಿಗುತ್ತದೆ. ಮಧುಗಿರಿಯ ಹುಡುಗನಿಗೂ ಯಾಗಿಯನ್ನು ಆ ಕಡೆ ತಿರುಗಿಸಲು ಹೇಳಿದ್ದೇನೆ.