ಜ್ವಾಲೆಯನ್ನು ಮೇಲೆತ್ತುವುದು ಸುತ್ತಲಿನ ಗಾಳಿ

ಅಗ್ನಿಸುರಕ್ಷತೆಯ ತರಬೇತಿಗೆಂದು ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಶಾಲೆಗಳಿಗೆ ಹೋದಾಗ, ಜ್ವಾಲೆ ಮೇಲಕ್ಕೇ ಏಕೆ ಏಳುತ್ತದೆ ಎಂಬ ಪ್ರಶ್ನೆಗೆ ಅದು ಹಗುರ ಎಂಬ ಉತ್ತರ ಕೂಡಲೇ ಬರುತ್ತದೆ. ಉತ್ತರ ಸರಿಯೇ, ಆದರೆ ಅರ್ಧ ಮಾತ್ರ. ಹಗುರವಾದುದು ತಾನಾಗಿ ಏರುವುದಿಲ್ಲ. ಸುತ್ತಲಿನ ಭಾರವಾದುದು ಅದರ ಅಡಿಗೆ ನುಗ್ಗಿ ಮೇಲೆತ್ತಬೇಕು.

ಒತ್ತಡ ಬದಲಾಗದಿದ್ದಾಗ ಅನಿಲದ ಗಾತ್ರ ಅದರ ನಿರಪೇಕ್ಷ ತಾಪಮಾನಕ್ಕೆ (ಸೆಲ್ಸಿಯಸ್ ಅಂಕಿಗೆ 273 ಕೂಡಿಸಿ ಕೆಲ್ವಿನ್‌ನಲ್ಲಿ ಹೇಳುವುದು) ತಕ್ಕಂತೆ ಹಿಗ್ಗುತ್ತದೆ. ನಮ್ಮ ಊರಿನ 30 ಡಿಗ್ರಿ ಸೆಲ್ಸಿಯಸ್ ಎಂದರೆ ಸುಮಾರು 303 ಕೆಲ್ವಿನ್; ಜ್ವಾಲೆಯೊಳಗೆ 1,200 ಡಿಗ್ರಿ ಇದ್ದರೆ 1,473 ಕೆಲ್ವಿನ್. ಹಾಗಾಗಿ ಅಲ್ಲಿನ ಅನಿಲದ ಸಾಂದ್ರತೆ ಹೊರಗಿನ ಗಾಳಿಯ ಐದನೇ ಒಂದು ಪಾಲಿಗೆ ಇಳಿಯುತ್ತದೆ. ಗುರುತ್ವದ ಸೆಳೆತ ತಣ್ಣನೆಯ ಗಾಳಿಯ ಮೇಲೆ ಹೆಚ್ಚಾದುದರಿಂದ ಅದು ಬುಡದಲ್ಲಿ ಒಳನುಗ್ಗಿ, ಬಿಸಿ ಅನಿಲವನ್ನು ಮೇಲಕ್ಕೆ ನೂಕಿ, ಉರಿಗೆ ಬೇಕಾದ ಆಮ್ಲಜನಕವನ್ನೂ ಒದಗಿಸುತ್ತದೆ. ಸಿಲಿಂಡರಿನ ಅಡುಗೆ ಅನಿಲವನ್ನೇ ನೋಡಿ: ಗಾಳಿಗಿಂತ ಭಾರವಾದ ಅದು ಸೋರಿದರೆ ನೆಲದಲ್ಲಿ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ, ಒಲೆಯಲ್ಲಿ ಉರಿದಾಗಲೋ ಮೇಲೇಳುತ್ತದೆ.

1992ರಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆಯಲ್ಲಿ ಮೇಣದ ಬತ್ತಿ ಹಚ್ಚಿದಾಗ, ತೂಕವೇ ಇಲ್ಲದ ಆ ಸ್ಥಿತಿಯಲ್ಲಿ ಬುಡಕ್ಕೆ ನುಗ್ಗಿ ಮೇಲೆತ್ತುವ ಗಾಳಿಯಿಲ್ಲದೆ ಜ್ವಾಲೆ ಮೊನೆಯಿಲ್ಲದೆ ಮಂಕಾದ ನೀಲಿ ಗುಂಡಾಗಿ ನಿಂತಿತು.

ಹಳ್ಳಿಯ ಹಿರಿಯರಿಗೆ ಇದು ಸೂಟೆಯಿಂದಲೇ (ತೆಂಗಿನ ಗರಿಯ ಪಂಜಿನಿಂದಲೇ) ಗೊತ್ತು. ಒಣ ಮಡಲಿನ ಸೂಟೆಯನ್ನು ತುದಿ ಮೇಲೆ ಮಾಡಿ ಹಿಡಿದರೆ ಬೆಂಕಿ ನಿಧಾನವಾಗಿ ಕೆಳಗಿಳಿಯುತ್ತದೆ. ತುದಿಯನ್ನು ಕೆಳಗೆ ಬಾಗಿಸಿದರೆ, ಮೇಲೇಳುವ ಬಿಸಿ ಅನಿಲ ಇನ್ನೂ ಉರಿಯದ ಗರಿಗಳನ್ನು ಮುಂಚೆಯೇ ಕಾಯಿಸುವುದರಿಂದ ಕಿಡಿ ಭಗ್ಗನೆ ಕೈಯ ಕಡೆಗೆ ಓಡುತ್ತದೆ.

ಬೇಸಗೆಯಲ್ಲಿ ಪದವುಗಳ (ಗುಡ್ಡದ ಮೇಲಿನ ಹುಲ್ಲುಬಯಲುಗಳ) ಮುಳಿಹುಲ್ಲಿಗೆ ಬೆಂಕಿ ಬಿದ್ದಾಗ ನಡೆಯುವುದೂ ಇದೇ, ಪ್ರಮಾಣ ಮಾತ್ರ ದೊಡ್ಡದು. ಇಳಿಜಾರಿನಲ್ಲಿ ಜ್ವಾಲೆ ಮೇಲಿನ ಹುಲ್ಲಿನ ಕಡೆಗೆ ವಾಲುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಿದಂತೆ ಏರುವ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆಂಬುದು ನಮ್ಮ ಕ್ಷೇತ್ರದ ಸ್ಥೂಲ ಲೆಕ್ಕ. ಆದುದರಿಂದ ಸೊಪ್ಪಿನ ಗೆಲ್ಲು ಹಿಡಿದು ಬೆಂಕಿ ಬಡಿಯಲು ಹೋಗುವ ಊರವರು ಗುಡ್ಡದ ಮೇಲ್ಭಾಗದಲ್ಲಿ ಎದುರು ನಿಲ್ಲಬಾರದು. ಸುಟ್ಟುಹೋದ ಜಾಗದ ಕಡೆಯಿಂದ, ಬೆಂಕಿಯ ಅಂಚುಗಳ ಬದಿಯಲ್ಲಿ ನಿಂತು ಬಡಿಯಬೇಕು. ತೋಟಕ್ಕೆ ಅಂಟಿಕೊಂಡ ಹುಲ್ಲನ್ನಂತೂ ಮಕರ ಮಾಸದೊಳಗೇ ಕೆತ್ತಿ ತೆಗೆದಿರಬೇಕು.